ರೈತನಿಗೆ ತಿಳಿಯುವ ಪರದೆ: 'ಭೂಮಿ' ಯೋಜನೆ ಕಲಿಸಿದ ಪಾಠಗಳು

ಕಲಬುರಗಿ: ಬೆಳೆಸಾಲ ಪಡೆಯುವುದಿರಲಿ, ಬೆಳೆವಿಮೆ ಮಾಡಿಸುವುದಿರಲಿ, ಬೆಂಬಲ ಬೆಲೆಗೆ ತೊಗರಿ ಮಾರುವುದಿರಲಿ, ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ರೈತನಿಗೆ ಮೊದಲು ಬೇಕಾಗುವ ದಾಖಲೆ ಪಹಣಿ. ಕಳೆದ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಈ ದಾಖಲೆ ಗಣಕಯಂತ್ರದ ಮೂಲಕವೇ ದೊರೆಯುತ್ತಿದೆ. ಪರದೆಯ ಮೇಲಿನ ಒಂದು ಪದ ಅರ್ಥವಾಗದಿದ್ದರೆ, ಒಂದು ಹೆಸರು ಹೊಂದಿಕೆಯಾಗದಿದ್ದರೆ, ಒಂದು ಅಂಕಿ ತಪ್ಪಾಗಿ ತುಂಬಲ್ಪಟ್ಟರೆ ಅದರ ನಷ್ಟ ಹೊಲದ ಒಡೆಯನಿಗೆ ತಟ್ಟುತ್ತದೆ. ಜಾಲತಾಣ ಮತ್ತು ತಂತ್ರಾಂಶಗಳನ್ನು ಜನರಿಗೆ ಸುಲಭವಾಗುವಂತೆ ರೂಪಿಸುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮ ರಾಜ್ಯದಲ್ಲಿ ದೊರೆಯುವ ಅತಿ ದೊಡ್ಡ ಉದಾಹರಣೆಯೆಂದರೆ ಕಂದಾಯ ಇಲಾಖೆಯ 'ಭೂಮಿ' ಯೋಜನೆ. ಅದರ ಯಶಸ್ಸು ಮತ್ತು ಕೊರತೆಗಳೆರಡರಲ್ಲೂ ಕಲಿಯಬೇಕಾದ ಪಾಠಗಳಿವೆ.

ಬಳಕೆಯ ಸುಲಭತೆ ಎಂದರೇನು?

ಒಂದು ಸಾಧನ ಬಳಸಲು ಸುಲಭವೇ ಎಂಬುದನ್ನು ಅಳೆಯಲು ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1998ರಲ್ಲಿ ಐಎಸ್‌ಒ 9241-11 ಎಂಬ ಮಾನಕವನ್ನು ಪ್ರಕಟಿಸಿತು. 2018ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ಅದು ಮೂರು ಅಂಶಗಳನ್ನು ಹೇಳುತ್ತದೆ. ಬಳಕೆದಾರ ತಾನು ಬಂದ ಕೆಲಸವನ್ನು ಸರಿಯಾಗಿ ಪೂರೈಸಿಕೊಂಡನೇ? ಅದಕ್ಕೆ ಎಷ್ಟು ಸಮಯ, ಎಷ್ಟು ಶ್ರಮ ತಗುಲಿತು? ಕೆಲಸ ಮುಗಿದಾಗ ಅವನಿಗೆ ಸಮಾಧಾನವಾಯಿತೇ? ಈ ಮೂರನ್ನೂ ನಿರ್ದಿಷ್ಟ ಬಳಕೆದಾರ, ನಿರ್ದಿಷ್ಟ ಕೆಲಸ ಮತ್ತು ನಿರ್ದಿಷ್ಟ ಪರಿಸರದಲ್ಲಿಯೇ ಅಳೆಯಬೇಕೆಂಬುದು ಮಾನಕದ ಮುಖ್ಯ ಮಾತು. ಬೆಂಗಳೂರಿನ ಕಚೇರಿಯಲ್ಲಿ ಕುಳಿತವರಿಗೆ ಸರಳವೆನಿಸಿದ ಪುಟ ಖಜೂರಿ ಅಥವಾ ನೆಲೋಗಿಯ ರೈತನಿಗೂ ಸರಳವಾಗಿರುತ್ತದೆ ಎನ್ನಲಾಗದು.

ಅಮೆರಿಕದ ವಿದ್ವಾಂಸ ಡೊನಾಲ್ಡ್ ನಾರ್ಮನ್ 1988ರಲ್ಲಿ ದಿನಬಳಕೆಯ ವಸ್ತುಗಳ ವಿನ್ಯಾಸ ಕುರಿತು ಬರೆದ ಗ್ರಂಥದಲ್ಲಿ ಇನ್ನೊಂದು ವಿಚಾರವನ್ನು ಮುಂದಿಟ್ಟರು. ವಸ್ತುವನ್ನು ಬಳಸುವಾಗ ಜನರು ಪದೇ ಪದೇ ತಪ್ಪು ಮಾಡಿದರೆ ದೋಷವನ್ನು ಜನರಲ್ಲಿ ಹುಡುಕದೆ ವಿನ್ಯಾಸದಲ್ಲಿ ಹುಡುಕಬೇಕು ಎಂಬುದು ಅವರ ವಾದ. 2011ರ ಜನಗಣತಿಯಂತೆ ಕಲಬುರಗಿ ಜಿಲ್ಲೆಯ ಸಾಕ್ಷರತೆ ಶೇ. 64.85, ರಾಜ್ಯದ ಸರಾಸರಿ ಶೇ. 75.36. ಇಂತಹ ಜಿಲ್ಲೆಯಲ್ಲಿ 'ಜನರಿಗೆ ಗಣಕ ಬಳಸಲು ಬರುವುದಿಲ್ಲ' ಎಂದು ಕೈತೊಳೆದುಕೊಂಡರೆ ಯೋಜನೆಯ ಉದ್ದೇಶವೇ ಈಡೇರುವುದಿಲ್ಲ.

ಕೈಬರಹದಿಂದ ಗಣಕಕ್ಕೆ

'ಭೂಮಿ'ಗೆ ಮುನ್ನ ರಾಜ್ಯದ ಭೂದಾಖಲೆಗಳು ಸುಮಾರು 9,000 ಗ್ರಾಮ ಲೆಕ್ಕಿಗರ ವಶದಲ್ಲಿದ್ದವು. ಒಬ್ಬೊಬ್ಬ ಲೆಕ್ಕಿಗ ಮೂರು-ನಾಲ್ಕು ಹಳ್ಳಿಗಳನ್ನು ನೋಡಿಕೊಳ್ಳುತ್ತಿದ್ದರು. ಅವರು ಊರಿನಲ್ಲಿದ್ದರೆ ಪಹಣಿ, ಇಲ್ಲದಿದ್ದರೆ ಮತ್ತೊಂದು ದಿನ ಎಂಬ ಸ್ಥಿತಿಯಿತ್ತು. ದಾಖಲೆಯಲ್ಲಿ ಏನು ಬರೆದಿದೆ ಎಂಬುದನ್ನು ನೋಡುವ ಅವಕಾಶವೂ ರೈತನಿಗೆ ವಿರಳವಾಗಿತ್ತು.

ರಾಷ್ಟ್ರೀಯ ಮಾಹಿತಿ ಕೇಂದ್ರದ ತಾಂತ್ರಿಕ ನೆರವಿನಿಂದ ಕಂದಾಯ ಇಲಾಖೆ ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿ ದಾಖಲೆಗಳನ್ನು ಗಣಕೀಕರಿಸಿತು. 2000ದ ದಶಕದ ಆರಂಭದಲ್ಲಿ ತಾಲ್ಲೂಕು ಕಚೇರಿಗಳಲ್ಲಿ 'ಭೂಮಿ' ಕೇಂದ್ರಗಳು ತೆರೆದವು. ಹಿರಿಯ ಅಧಿಕಾರಿ ರಾಜೀವ್ ಚಾವ್ಲಾ ಈ ಕಾರ್ಯದ ಮುಂದಾಳತ್ವ ವಹಿಸಿದ್ದರು. ಪ್ರತಿಯೊಂದಕ್ಕೆ 15 ರೂಪಾಯಿ ಶುಲ್ಕ ನಿಗದಿಯಾಗಿತ್ತು. ಕೇಂದ್ರ ಆರಂಭವಾದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸರ್ಕಾರ ಘೋಷಿಸಿತು.

ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ಬಳಕೆದಾರರನ್ನು ಕಂಡು ಮಾತನಾಡಿಸಿತು. ಹಳೆಯ ಪದ್ಧತಿಯಲ್ಲಿ ಲಂಚ ಕೊಡಬೇಕಾಗುತ್ತಿತ್ತು ಎಂದವರು ಸುಮಾರು ಮೂರನೇ ಎರಡರಷ್ಟಿದ್ದರೆ, 'ಭೂಮಿ' ಕೇಂದ್ರಗಳಲ್ಲಿ ಹಾಗೆ ಹೇಳಿದವರು ಶೇ. 3ರಷ್ಟು ಮಾತ್ರ ಎಂದು ಆ ಅಧ್ಯಯನ ತಿಳಿಸಿತು.

ರೈತನ ಕಡೆಗೆ ತಿರುಗಿದ ಪರದೆ

'ಭೂಮಿ' ಕೇಂದ್ರಗಳ ವಿನ್ಯಾಸದಲ್ಲಿ ಗಮನಾರ್ಹವಾದುದು ಎರಡನೆಯ ಪರದೆ. ಸಿಬ್ಬಂದಿಯ ಮುಂದೆ ಒಂದು, ಕಿಟಕಿಯ ಹೊರಗೆ ನಿಂತ ರೈತನ ಕಡೆಗೆ ಮತ್ತೊಂದು. ಒಳಗೆ ಕುಳಿತವರು ಏನು ತೆರೆದಿದ್ದಾರೆ, ಯಾವ ಸರ್ವೆ ನಂಬರ್ ಹಾಕಿದ್ದಾರೆ, ಯಾರ ಹೆಸರು ಬಂದಿದೆ ಎಂಬುದನ್ನು ರೈತನೂ ಅದೇ ಗಳಿಗೆಯಲ್ಲಿ ನೋಡಬಹುದಾಗಿತ್ತು. ಓದು ಬಾರದವರು ಜೊತೆಗೆ ಬಂದವರಿಂದ ಓದಿಸಿಕೊಳ್ಳಬಹುದಾಗಿತ್ತು.

ಖಾತೆ ಬದಲಾವಣೆಯ ಅರ್ಜಿಗಳಿಗೆ ಕ್ರಮಸಂಖ್ಯೆ ನೀಡಿ, ಮೊದಲು ಬಂದವರಿಗೆ ಮೊದಲು ಎಂಬ ನಿಯಮವನ್ನು ತಂತ್ರಾಂಶದಲ್ಲಿಯೇ ಅಳವಡಿಸಲಾಗಿತ್ತು. ದಾಖಲೆ ಬದಲಿಸುವ ಅಧಿಕಾರಿ ಬೆರಳಚ್ಚು ನೀಡಿಯೇ ಒಳಹೋಗಬೇಕಾಗಿದ್ದುದರಿಂದ, ಯಾರು ಬದಲಿಸಿದರು ಎಂಬುದಕ್ಕೂ ಗುರುತು ಉಳಿಯುತ್ತಿತ್ತು.

ಒಳಗೆ ನಡೆಯುತ್ತಿರುವುದು ಹೊರಗಿನವನಿಗೆ ಕಾಣಿಸಬೇಕು ಎಂಬುದು ಬಳಕೆಯ ಸುಲಭತೆಯ ಮೊದಲ ಸೂತ್ರಗಳಲ್ಲೊಂದು. ಮುಂದೆ 2006ರಿಂದ ಹೋಬಳಿ ಮಟ್ಟದಲ್ಲಿ 800 ನೆಮ್ಮದಿ ಕೇಂದ್ರಗಳು, ಅನಂತರ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು, ಬಾಪೂಜಿ ಸೇವಾ ಕೇಂದ್ರಗಳು, ಗ್ರಾಮ ಒನ್ ಕೇಂದ್ರಗಳು ಬಂದವು. ಇಂದು ಪಹಣಿಯನ್ನು ಮೊಬೈಲಿನಲ್ಲಿಯೂ ನೋಡಬಹುದು. ಸೇವೆ ಹಳ್ಳಿಗೆ ಹತ್ತಿರವಾಯಿತು. ಆದರೆ ಬೇರೆಯವರ ಕೈಯಲ್ಲಿ ಅರ್ಜಿ ತುಂಬಿಸುವ ರೈತನ ಕಡೆಗೆ ಪರದೆ ಈಗಲೂ ತಿರುಗಿದೆಯೇ ಎಂಬುದು ಪ್ರತಿ ಕೇಂದ್ರದಲ್ಲೂ ಕೇಳಬೇಕಾದ ಪ್ರಶ್ನೆ.

ಒಂದೇ ಕಾಗದಕ್ಕೆ ಹಲವು ಹೆಸರು

ಈ ಮೂರು ತಾಲ್ಲೂಕುಗಳು 1948ರವರೆಗೆ ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. ಇಲ್ಲಿ ರೂಢಿಯಲ್ಲಿರುವ ಮಾತು ಪಹಣಿ. ನೆರೆಯ ತೆಲಂಗಾಣದಲ್ಲಿಯೂ ಇದೇ ಪದವಿದೆ. ವಿಜಯಪುರ, ಬೆಳಗಾವಿ ಕಡೆಯವರು ಉತಾರ ಎನ್ನುತ್ತಾರೆ. ಆಳಂದ, ಅಫಜಲಪುರಗಳ ಗಡಿ ದಾಟಿ ಮಹಾರಾಷ್ಟ್ರದ ಅಕ್ಕಲಕೋಟೆಗೆ ಹೋದರೆ ಅಂತಹುದೇ ದಾಖಲೆಗೆ ಸಾತ್-ಬಾರಾ ಎಂಬ ಹೆಸರು. ಕಚೇರಿಯ ಭಾಷೆಯಲ್ಲಿ ಅದು ಆರ್‌ಟಿಸಿ. ಜಾಲತಾಣದಲ್ಲಿ ಆರ್‌ಟಿಸಿ ಎಂದಷ್ಟೇ ಬರೆದರೆ ಪಹಣಿ ಹುಡುಕಿಕೊಂಡು ಬಂದವನು ತಡವರಿಸುತ್ತಾನೆ. ಜನರಾಡುವ ಪದವನ್ನು ದೊಡ್ಡ ಅಕ್ಷರದಲ್ಲಿ, ಕಚೇರಿಯ ಪದವನ್ನು ಅದರ ಕೆಳಗೆ ಕೊಡುವುದು ಸೂಕ್ತ.

ಪಹಣಿ ತೆರೆಯಲು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್‌ಗಳನ್ನು ಆರಿಸಿದ ಬಳಿಕ 'ಸರ್ನಾಕ್' ಎಂಬ ಕಲಂ ಬರುತ್ತದೆ. ಬಹುತೇಕ ಸಂದರ್ಭಗಳಲ್ಲಿ ಅಲ್ಲಿ ನಕ್ಷತ್ರದ ಚಿಹ್ನೆಯೊಂದೇ ಇರುತ್ತದೆ. ರೈತನ ಮಾತಿನಲ್ಲಿ ಎಲ್ಲಿಯೂ ಇಲ್ಲದ ಈ ಪದವನ್ನು ಕಂಡು ಹಲವರು ಅಲ್ಲಿಯೇ ನಿಂತುಬಿಡುತ್ತಾರೆ. ಒಂದೇ ಆಯ್ಕೆ ಇರುವೆಡೆ ತಂತ್ರಾಂಶವೇ ಅದನ್ನು ತುಂಬಿಕೊಂಡು ಮುಂದೆ ಸಾಗುವಂತೆ ಮಾಡಿದರೆ ಒಂದು ಮೆಟ್ಟಿಲು ಕಡಿಮೆಯಾಗುತ್ತದೆ.

ಊರಿನ ಹೆಸರು ಹುಡುಕುವ ಕಷ್ಟ

ಆಳಂದ ಇಂಗ್ಲಿಷಿನಲ್ಲಿ ಎರಡು ಬಗೆಯಾಗಿ, ಜೇವರ್ಗಿ ಎರಡು ಬಗೆಯಾಗಿ ಬರೆಯಲ್ಪಡುತ್ತವೆ. ಕನ್ನಡದಲ್ಲಿಯೂ ಜೇವರ್ಗಿ–ಜೇವರಗಿ, ಅಫಜಲಪುರ–ಅಫ್ಜಲ್‌ಪುರ–ಅಫಜಲಪೂರ ಎಂಬ ರೂಪಗಳಿವೆ. ಜಿಲ್ಲೆಯ ಹೆಸರೇ 2014ರ ನವೆಂಬರ್ 1ರಂದು ಗುಲ್ಬರ್ಗಾದಿಂದ ಕಲಬುರಗಿ ಎಂದು ಬದಲಾಯಿತು. ಯಾವ ರೂಪದಲ್ಲಿ ಬರೆದರೂ ಒಂದೇ ಊರು ದೊರೆಯುವಂತೆ ಹುಡುಕಾಟದ ವ್ಯವಸ್ಥೆ ಇರಬೇಕು.

ಈ ಭಾಗದಲ್ಲಿ ಒಂದೇ ಹೆಸರಿನ ಜೋಡಿ ಊರುಗಳು ಉಂಟು. ದೊಡ್ಡದು ಬುದ್ರುಕ್, ಚಿಕ್ಕದು ಖುರ್ದ್. ದಾಖಲೆಗಳಲ್ಲಿ ಅವು ಬರೇ 'ಬಿ' ಮತ್ತು 'ಕೆ' ಆಗಿ ಉಳಿದಿವೆ. ಪಟ್ಟಿಯಲ್ಲಿ ಒಂದರ ಕೆಳಗೊಂದು ಬರುವ ಈ ಹೆಸರುಗಳಲ್ಲಿ ಬೆರಳು ತಪ್ಪಿದರೆ ಬೇರೆ ಊರಿನ, ಬೇರೆಯವರ ಹೊಲದ ಪಹಣಿ ತೆರೆದುಕೊಳ್ಳುತ್ತದೆ. ಹೋಬಳಿಯ ಹೆಸರನ್ನೂ ಪಕ್ಕದಲ್ಲಿ ತೋರಿಸಿ, ಮುಂದುವರಿಯುವ ಮುನ್ನ 'ಇದೇ ಊರೇ?' ಎಂದು ಕೇಳುವುದರಿಂದ ಈ ತಪ್ಪನ್ನು ತಡೆಯಬಹುದು. ಜೇವರ್ಗಿಯಿಂದ ಬೇರ್ಪಟ್ಟು ಯಡ್ರಾಮಿ ಹೊಸ ತಾಲ್ಲೂಕಾದಂತಹ ಸಂದರ್ಭಗಳಲ್ಲಿ, ಒಂದು ಇಲಾಖೆಯ ಪಟ್ಟಿ ಬದಲಾಗಿ ಇನ್ನೊಂದರದು ಬದಲಾಗದಿದ್ದರೆ ರೈತ ತನ್ನ ಊರನ್ನು ಎರಡು ಕಡೆ ಹುಡುಕಬೇಕಾಗುತ್ತದೆ. ಹಳೆಯ ತಾಲ್ಲೂಕಿನಲ್ಲಿ ಹುಡುಕಿದವನಿಗೆ ಹೊಸ ತಾಲ್ಲೂಕಿನ ದಾರಿ ತೋರಿಸುವುದು ತಂತ್ರಾಂಶದ ಕೆಲಸ.

ಹೆಸರು ಮತ್ತು ಅಳತೆ

ಪಹಣಿಯಲ್ಲಿ ಇಲ್ಲಿನ ಹೆಸರುಗಳು 'ಇಂಥವರು ತಂದೆ ಇಂಥವರು' ಅಥವಾ 'ಇಂಥವರು ಗಂಡ ಇಂಥವರು' ಎಂಬ ರೀತಿಯಲ್ಲಿರುತ್ತವೆ. ಆಧಾರ್ ಚೀಟಿಯಲ್ಲಿ ಮನೆತನದ ಹೆಸರು ಸೇರಿರಬಹುದು. ಬ್ಯಾಂಕಿನ ಪುಸ್ತಕದಲ್ಲಿ ಇಂಗ್ಲಿಷ್ ಕಾಗುಣಿತ ಬೇರೆಯಾಗಿರಬಹುದು. ಅಪ್ಪ, ಗೌಡ, ಬಾಯಿ, ಸಾಬ ಎಂಬ ಗೌರವಸೂಚಕಗಳು ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಮನುಷ್ಯನಿಗೆ ಒಬ್ಬನೇ ಎಂದು ತಿಳಿಯುವುದು ಯಂತ್ರಕ್ಕೆ ಇಬ್ಬರಂತೆ ಕಾಣುತ್ತದೆ. ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು ಎಂಬ ಮೂರು ಚೌಕಗಳು ಈ ನಾಡಿನ ಹೆಸರಿಡುವ ಪದ್ಧತಿಗೆ ಹೊಂದುವುದಿಲ್ಲ.

ಪಹಣಿಗೆ ಆಧಾರ್ ಜೋಡಿಸುವ ಅಭಿಯಾನವನ್ನು ಕಂದಾಯ ಇಲಾಖೆ 2024ರಲ್ಲಿ ಕೈಗೊಂಡಿತು. ತೀರಿಹೋದ ತಂದೆ ಅಥವಾ ಅಜ್ಜನ ಹೆಸರಿನಲ್ಲಿಯೇ ಉಳಿದ ಹೊಲಗಳಿಗೆ ಪೌತಿ ಖಾತೆ ಆಗದ ಹೊರತು ಇಂತಹ ಜೋಡಣೆ ಪೂರ್ಣಗೊಳ್ಳದು. 'ಹೆಸರು ಹೊಂದಿಕೆಯಾಗಿಲ್ಲ' ಎಂದಷ್ಟೇ ಹೇಳುವ ಸಂದೇಶದಿಂದ ರೈತನಿಗೆ ಉಪಯೋಗವಿಲ್ಲ. ಯಾವ ಎರಡು ದಾಖಲೆಗಳಲ್ಲಿ ಯಾವ ಹೆಸರಿದೆ, ಸರಿಪಡಿಸಲು ಯಾವ ಕಚೇರಿಗೆ ಯಾವ ಕಾಗದದೊಂದಿಗೆ ಹೋಗಬೇಕು ಎಂಬುದನ್ನು ಅದೇ ಸಂದೇಶ ತಿಳಿಸಬೇಕು.

ಅಳತೆಯದು ಇನ್ನೂ ಸೂಕ್ಷ್ಮ ವಿಷಯ. ಒಂದು ಎಕರೆಗೆ 40 ಗುಂಟೆ. ಪಹಣಿಯಲ್ಲಿ ಎಕರೆ ಮತ್ತು ಗುಂಟೆಗಳ ನಡುವೆ ಚುಕ್ಕೆ ಇರುತ್ತದೆ, 3.20 ಎಂದರೆ 3 ಎಕರೆ 20 ಗುಂಟೆ, ಅಂದರೆ ಮೂರೂವರೆ ಎಕರೆ. ಇದನ್ನೇ ದಶಮಾಂಶವೆಂದು ತಿಳಿದು ಹೆಕ್ಟೇರಿಗೆ ಪರಿವರ್ತಿಸಿದರೆ 1.42 ಹೆಕ್ಟೇರ್ ಇರಬೇಕಾದಲ್ಲಿ 1.29 ಹೆಕ್ಟೇರ್ ಬರುತ್ತದೆ. ಒಂದು ಚುಕ್ಕೆಯಿಂದ 12 ಗುಂಟೆ ಭೂಮಿ ಲೆಕ್ಕದಿಂದ ಹೊರಗುಳಿಯುತ್ತದೆ. ಎಕರೆಗೊಂದು, ಗುಂಟೆಗೊಂದು ಪ್ರತ್ಯೇಕ ಚೌಕ ಕೊಟ್ಟು, ಹೆಕ್ಟೇರಿನ ಲೆಕ್ಕವನ್ನು ಯಂತ್ರಕ್ಕೆ ಬಿಡುವುದೇ ಇದಕ್ಕೆ ಸರಳ ಪರಿಹಾರ.

ಅಕ್ಷರದ ತೊಡಕು

ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ', ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇವು ಗಣಕದಲ್ಲಿ ಕನ್ನಡವನ್ನು ಜನರ ಕೈಗೆ ತಲುಪಿಸಿದವು. ಆದರೆ ಹಳೆಯ ಅಕ್ಷರಶೈಲಿಗಳಲ್ಲಿ ಬರೆದ ಬರಹ, ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. ಅದರಲ್ಲಿ ಪದ ಹುಡುಕಲೂ ಆಗುತ್ತಿರಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿ 'ತುಂಗಾ' ಅಕ್ಷರಶೈಲಿಯೊಂದಿಗೆ ಬಂದ ಬಳಿಕ ಯೂನಿಕೋಡ್ ಕನ್ನಡ ಮನೆಮಾತಾಯಿತು.

ಇಂದು ಉಳಿದಿರುವ ತೊಡಕುಗಳು ಬೇರೆ ಬಗೆಯವು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ, ಇಂಗ್ಲಿಷಿಗಾಗಿ ಗೊತ್ತುಪಡಿಸಿದ ಸಣ್ಣ ಗಾತ್ರ ಮತ್ತು ಇಕ್ಕಟ್ಟಾದ ಸಾಲಂತರದಲ್ಲಿ ಅವು ಒಂದಕ್ಕೊಂದು ತಾಗುತ್ತವೆ. ಪುಟವೆಲ್ಲ ಕನ್ನಡದಲ್ಲಿದ್ದರೂ ದೋಷಸಂದೇಶ ಮಾತ್ರ ಇಂಗ್ಲಿಷಿನಲ್ಲಿ ಬರುವುದುಂಟು. ಯಂತ್ರವಲ್ಲ, ಮನುಷ್ಯ ಎಂದು ಸಾಬೀತುಪಡಿಸಲು ಸೊಟ್ಟದಾದ ಇಂಗ್ಲಿಷ್ ಅಕ್ಷರಗಳನ್ನು ಗುರುತಿಸಬೇಕಾದಾಗ ಕನ್ನಡವಷ್ಟೇ ಬಲ್ಲವರು ಬಾಗಿಲಲ್ಲೇ ಉಳಿಯುತ್ತಾರೆ. ಗಡಿಭಾಗದ ಮರಾಠಿ ಮನೆಮಾತಿನವರು, ಉರ್ದು ಬಲ್ಲವರು, ತಾಂಡಾಗಳ ಲಂಬಾಣಿ ಭಾಷಿಕರು ಇರುವ ಈ ತಾಲ್ಲೂಕುಗಳಲ್ಲಿ ಸರಳ ವಾಕ್ಯ ಮತ್ತು ಧ್ವನಿಯ ನೆರವು ಇನ್ನಷ್ಟು ಅಗತ್ಯ.

ಸಂಖ್ಯೆ ಯಾರ ಮೊಬೈಲಿಗೆ?

ಹೆಚ್ಚಿನ ಸೇವೆಗಳು ಈಗ ಮೊಬೈಲಿಗೆ ಬರುವ ಒಟಿಪಿಯನ್ನು ಕೇಳುತ್ತವೆ. ದುಡಿಮೆಗಾಗಿ ಮಗ ಪುಣೆಯಲ್ಲೋ ಹೈದರಾಬಾದಿನಲ್ಲೋ ಇದ್ದು, ಆಧಾರಿಗೆ ಜೋಡಿಸಿದ ಮೊಬೈಲ್ ಅವನ ಬಳಿಯೇ ಇದ್ದರೆ ಸಂಖ್ಯೆ ಅಲ್ಲಿಗೆ ಹೋಗುತ್ತದೆ. ಊರಿನಲ್ಲಿರುವ ತಾಯಿ ಅವನಿಗೆ ಕರೆಮಾಡಿ, ಸಂಖ್ಯೆ ಕೇಳಿ, ಕೇಂದ್ರದವರಿಗೆ ಹೇಳುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ವರ್ಷಕ್ಕೆ 6,000 ರೂಪಾಯಿ ನೀಡುವ ಪಿಎಂ-ಕಿಸಾನ್ ಯೋಜನೆ 2019ರಲ್ಲಿ ಆರಂಭವಾಗಿ, ಬಳಿಕ ಇ-ಕೆವೈಸಿ ಕಡ್ಡಾಯವಾಯಿತು. ಒಟಿಪಿ ಮತ್ತು ಬೆರಳಚ್ಚಿನ ಜೊತೆಗೆ 2023ರಲ್ಲಿ ಮುಖ ಗುರುತಿಸುವ ವಿಧಾನವನ್ನೂ ಸೇರಿಸಲಾಯಿತು. ಒಂದು ದಾರಿ ಮುಚ್ಚಿದವರಿಗೆ ಮತ್ತೊಂದು ದಾರಿ ಇರಬೇಕೆಂಬ ತತ್ವಕ್ಕೆ ಇದು ಉದಾಹರಣೆ.

2011ರ ಸಕಾಲ ಕಾಯಿದೆಯಡಿ ಅರ್ಜಿದಾರನಿಗೆ 15 ಅಂಕಿಗಳ ಸ್ವೀಕೃತಿ ಸಂಖ್ಯೆ ದೊರೆಯುತ್ತದೆ. ಅರ್ಜಿ ಎಲ್ಲಿದೆ ಎಂದು ವಿಚಾರಿಸುವ ಹಕ್ಕು ಈ ಸಂಖ್ಯೆಯಲ್ಲಿದೆ. ಆದರೆ ಇಷ್ಟುದ್ದದ ಸಂಖ್ಯೆಯನ್ನು ಬಿಡುವಿಲ್ಲದೆ ಮುದ್ರಿಸಿದರೆ ಓದಿ ಹೇಳುವುದು ಕಷ್ಟ. ಮೂರು ಅಥವಾ ನಾಲ್ಕು ಅಂಕಿಗಳ ಗುಂಪು ಮಾಡಿದರೆ ತಪ್ಪು ಕಡಿಮೆಯಾಗುತ್ತದೆ.

ದೃಷ್ಟಿಹೀನರಿಗೂ ದಾರಿ

ಜಾಲತಾಣಗಳು ಎಲ್ಲರಿಗೂ ಎಟುಕಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿಗಳು 1999ರಿಂದ ಇವೆ. ಅಕ್ಷರ ಮತ್ತು ಹಿನ್ನೆಲೆಯ ಬಣ್ಣದ ನಡುವೆ ಕನಿಷ್ಠ 4.5ಕ್ಕೆ 1ರ ಅನುಪಾತದ ವ್ಯತ್ಯಾಸವಿರಬೇಕು ಎಂಬುದು ಅವುಗಳಲ್ಲೊಂದು. ಬಿಸಿಲಿನಲ್ಲಿ ನಿಂತು ಮೊಬೈಲ್ ನೋಡುವ ರೈತನಿಗೂ ಇದರಿಂದ ಅನುಕೂಲವೇ. ಭಾರತ ಸರ್ಕಾರ 2009ರಲ್ಲಿ ತನ್ನ ಜಾಲತಾಣಗಳಿಗೆ ಮಾರ್ಗಸೂಚಿ ಹೊರಡಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಇದಕ್ಕೆ ಕಾನೂನಿನ ಬಲ ನೀಡಿತು. ಆಸಿಡ್ ದಾಳಿಗೆ ತುತ್ತಾದವರು ಮತ್ತು ದೃಷ್ಟಿದೋಷವುಳ್ಳವರು ಇ-ಕೆವೈಸಿಯಲ್ಲಿ ಎದುರಿಸುವ ತೊಂದರೆ ಕುರಿತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ನೀಡಿ, ಡಿಜಿಟಲ್ ಸೇವೆಗಳ ಲಭ್ಯತೆಯು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು.

ಐವರನ್ನು ಕೂರಿಸಿ ನೋಡಿ

ಸುಲಭತೆಯನ್ನು ಪರೀಕ್ಷಿಸಲು ದೊಡ್ಡ ವೆಚ್ಚ ಬೇಕಿಲ್ಲ. ಈ ಕ್ಷೇತ್ರದ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ, ಐವರು ಬಳಕೆದಾರರೊಂದಿಗೆ ಪರೀಕ್ಷಿಸಿದರೆ ಬಹುಪಾಲು ತೊಡಕುಗಳು ಹೊರಬೀಳುತ್ತವೆ ಎಂದು ವಾದಿಸಿದರು. ತೊಡಕುಗಳನ್ನು ಸರಿಪಡಿಸಿ ಮತ್ತೆ ಬೇರೆ ಐವರನ್ನು ಕರೆಯಬೇಕು. ಮೂರು ತಾಲ್ಲೂಕುಗಳಿಗೆ ಅನ್ವಯಿಸಿ ಹೇಳುವುದಾದರೆ, ಗಡಿಯ ಖಜೂರಿ ಹೋಬಳಿಯ ಮರಾಠಿ ಮನೆಮಾತಿನ ರೈತ, ಕರಜಗಿಯ ಭೀಮಾ ತೀರದ ಕಬ್ಬು ಬೆಳೆಗಾರ, ಅಂದೋಲಾದ ಓದು ಬಾರದ ಹಿರಿಯ, ತಾಂಡಾದ ಮಹಿಳೆ, ಗ್ರಾಮ ಒನ್ ಕೇಂದ್ರದ ಸಿಬ್ಬಂದಿ ಇಂತಹ ಐವರಿಗೆ ಒಂದೇ ಕೆಲಸ ಕೊಡಬೇಕು: 'ನಿಮ್ಮ ಹೊಲದ ಪಹಣಿ ತೆಗೆಯಿರಿ'. ಪಕ್ಕದಲ್ಲಿದ್ದವರು ಸಹಾಯ ಮಾಡದೆ, ಎಲ್ಲಿ ನಿಂತರು, ಯಾವ ಪದ ಕೇಳಿದರು ಎಂಬುದನ್ನು ಬರೆದುಕೊಳ್ಳಬೇಕು.

ಗಣಕೀಕರಣವೊಂದೇ ಸಾಲದು ಎಂಬ ಎಚ್ಚರಿಕೆಯೂ ಹಳೆಯದೇ. ಸಂಶೋಧಕ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರ ಅಧ್ಯಯನದಲ್ಲಿ, 'ಭೂಮಿ'ಯಿಂದ ದೊಡ್ಡ ಭೂವ್ಯವಹಾರದವರಿಗೆ ಹೆಚ್ಚು ಅನುಕೂಲವಾಯಿತೆಂದು ವಿಮರ್ಶಿಸಿದ್ದರು. ಅರ್ಥವಾಗದ ಪರದೆ ಇರುವಲ್ಲಿ ಅರ್ಥಮಾಡಿಕೊಂಡವನಿಗೆ ದಲ್ಲಾಳಿಯ ಸ್ಥಾನ ದೊರೆಯುತ್ತದೆ. ಲೆಕ್ಕಿಗರ ಮನೆಯ ಮುಂದಿನ ಕಾಯುವಿಕೆ ಹೋಗಿ ಮಧ್ಯವರ್ತಿಯ ಅಂಗಡಿಯ ಮುಂದಿನ ಕಾಯುವಿಕೆ ಬಂದರೆ ರೈತನಿಗೆ ಲಾಭವಿಲ್ಲ.

ರೈತರು ಗಮನಿಸಬೇಕಾದುದು

ಪಹಣಿ ಕೈಗೆ ಬಂದಾಗ ಕೆಳಗಿನ ಅಂಶಗಳನ್ನು ನೋಡಿಕೊಳ್ಳುವುದು ಒಳ್ಳೆಯದು.

* ಊರಿನ ಹೆಸರು, ಸರ್ವೆ ನಂಬರ್, ಹಿಸ್ಸಾ ನಂಬರ್ ತಮ್ಮದೇ ಆಗಿವೆಯೇ?
* 9ನೇ ಕಲಂನಲ್ಲಿ ಒಡೆಯರ ಹೆಸರು ಮತ್ತು ಎಕರೆ-ಗುಂಟೆ ಸರಿಯಿದೆಯೇ? ಹೆಸರು ಆಧಾರಿನೊಂದಿಗೆ ಹೋಲುತ್ತದೆಯೇ?
* 11ನೇ ಕಲಂನಲ್ಲಿ, ತೀರಿಸಿದ ಸಾಲದ ನಮೂದು ಹಾಗೆಯೇ ಉಳಿದಿದೆಯೇ?
* 12ನೇ ಕಲಂನಲ್ಲಿ ಬಿತ್ತಿದ ಬೆಳೆಯೇ ದಾಖಲಾಗಿದೆಯೇ? ತೊಗರಿ ಬಿತ್ತಿದಲ್ಲಿ ಬೇರೆ ಬೆಳೆ ಇದ್ದರೆ ವಿಮೆ ಮತ್ತು ಖರೀದಿ ಎರಡಕ್ಕೂ ತೊಂದರೆಯಾಗಬಹುದು.
* ಬೇರೆಯವರಿಂದ ಅರ್ಜಿ ತುಂಬಿಸುವಾಗ, ಕಳುಹಿಸುವ ಮುನ್ನ ಪರದೆಯನ್ನು ತಮ್ಮ ಕಡೆಗೆ ತಿರುಗಿಸಿ ಓದಿ ಹೇಳುವಂತೆ ಕೇಳಬೇಕು. ಸ್ವೀಕೃತಿ ಸಂಖ್ಯೆಯನ್ನು ಪಡೆದುಕೊಳ್ಳಬೇಕು.

1964ರ ಕರ್ನಾಟಕ ಭೂ ಕಂದಾಯ ಕಾಯಿದೆಯ 133ನೇ ಕಲಮಿನ ಪ್ರಕಾರ, ಪಹಣಿಯಲ್ಲಿನ ನಮೂದನ್ನು ತಪ್ಪೆಂದು ಸಾಬೀತಾಗುವವರೆಗೆ ಸರಿಯೆಂದೇ ಭಾವಿಸಲಾಗುತ್ತದೆ. ಆದ್ದರಿಂದ ತಪ್ಪು ಕಂಡೊಡನೆ ಗ್ರಾಮ ಆಡಳಿತ ಅಧಿಕಾರಿ ಅಥವಾ ತಹಸೀಲ್ದಾರ್ ಕಚೇರಿಯಲ್ಲಿ ತಿದ್ದುಪಡಿಗೆ ಲಿಖಿತ ಅರ್ಜಿ ಸಲ್ಲಿಸಿ, ಅದಕ್ಕೆ ಸ್ವೀಕೃತಿ ಪಡೆಯುವುದು ಅವಶ್ಯ.